ಕಾಕಾರ ಗುಟ್ಟು

ನಮ್ಮ ಮನೆಯ ಕಂಪ್ಯೂಟರಿಗೆ ನಮ್ಮ ಪರಿಚಯವೇ ಹೋಗಿಬಿಟ್ಟಿದೆ. ಬೆಳಿಗ್ಗೆ ಮೇಲ್ ನೋಡೋಣ ಅಂದರೆ ಹೆಸರು ಹೇಳು, ಪಾಸ್‌ವರ್ಡ್ ಹೇಳು, ಒಟಿಪಿ ತಾ. ಊಟ ಮುಗಿಸಿ ಬಂದು ಕೂತರೆ ಮತ್ತೆ ಅದೇ ವಿಚಾರಣೆ. ಇವತ್ತು ಕರೆಂಟ್ ಬಿಲ್ ಕಟ್ಟಲು ಕೂತೆ. ಒಟಿಪಿ ಹೋಗಿದ್ದು ಯಜಮಾನರ ಮೊಬೈಲಿಗೆ. ಅವರು ಹುಬ್ಬಳ್ಳಿಗೆ ಹೊರಟ ಚಿಗರಿ ಬಸ್ಸಿನಲ್ಲಿ ನಿಂತಿದ್ದರು. ಉಣಕಲ್ ಹತ್ತಿರ ಫೋನ್ ಎತ್ತುವಷ್ಟರಲ್ಲಿ ಟೈಮ್ ಮುಗಿದಿತ್ತು.

ಇದಕ್ಕೆಲ್ಲ ಕಾರಣ ನಮ್ಮ ಕಾಕಾ. ‘ನಾವು ನೋಡಿದ್ದೆಲ್ಲಾ ಕಂಪ್ಯೂಟರ್ ನೆನಪಿಟ್ಕೋತದಂತ’ ಎಂದು ವಾಕಿಂಗ್ ಗೆಳೆಯರು ಯಾರೋ ಹೆದರಿಸಿದ್ದಾರೆ. ಕಾಕಾ ಇಂಜಿನಿಯರಿಂಗ್ ಓದುವ ಮೊಮ್ಮಗನನ್ನು ಹಿಡಿದರು. ಅವನು ನಮ್ಮ ಬ್ರೌಸರ್ ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಹಿಸ್ಟರಿ ಅನ್ನುವಲ್ಲಿ ‘ನೆವರ್ ರಿಮೆಂಬರ್’ ಆರಿಸಿ, ರೀಸ್ಟಾರ್ಟ್ ಮಾಡಿ, ಚಹಾ ಕುಡಿದು ಹೋದ. ಅವತ್ತಿನಿಂದ ಬ್ರೌಸರ್ ತೆರೆಯೋದೇ ಪ್ರೈವೇಟ್ ಮೋಡ್‌ನಲ್ಲಿ. ಮುಚ್ಚಿದರೆ ಎಲ್ಲಾ ಮರೆತುಬಿಡುತ್ತದೆ. ಆಪಲ್‌ನವರ ಬ್ರೌಸರ್ ಸಫಾರಿಯಲ್ಲಿ ಈ ಸೌಲಭ್ಯ 2005ರಲ್ಲೇ ಬಂತು, ಫೈರ್‌ಫಾಕ್ಸ್‌ಗೆ 2009ರಲ್ಲಿ. ಮಾಳಮಡ್ಡಿಯ ನಮ್ಮ ಮನೆಗೆ ಮೊನ್ನೆ ಅಮಾವಾಸ್ಯೆಗೆ ಬಂತು.

ಅಷ್ಟಕ್ಕೂ ಕಾಕಾರ ಗುಟ್ಟೇನು? ಸೊಲ್ಲಾಪುರ ಗಾಡಿಯ ಟೈಮು, ಬ್ಯಾಡಗಿ ಮೆಣಸಿನಕಾಯಿ ರೇಟು, ಮಂಡಿನೋವು. ಅದೂ ಯಾರಿಗೆ ಗೊತ್ತಿಲ್ಲ? ಅವರು ಸಾಲಿ ಮಾಸ್ತರಾಗಿ ರಿಟೈರ್ ಆದವರು. ಶುದ್ಧಬರಹ ಹೇಳಿಕೊಟ್ಟ ಗಂಟಲು. ಒಂದೊಂದು ಅಕ್ಷರವನ್ನೂ ಜೋರಾಗಿ ಹೇಳಿಯೇ ಒತ್ತುತ್ತಾರೆ. ಕಂಪ್ಯೂಟರ್ ಇರೋದು ಓಣಿ ಕಡೆಯ ಕಿಟಕಿಗೆ.

ಪಾಸ್‌ವರ್ಡೂ ಹಾಗೇ. “ದೊಡ್ಡ ಡಿ... ಸಣ್ಣ ಎಚ್... ಎಲ್ಲಿ ಹೋತೋ ಇದು... ಹಾಂ, ಸಿಕ್ತು. ಎ. ಆರ್...” ಮೊದಲು ಅಪರೂಪಕ್ಕೆ ಕೇಳುತ್ತಿದ್ದ ಈ ಮಗ್ಗಿ ಈಗ ದಿನಾ. ಮೊನ್ನೆ ಪಲ್ಲೆದಾಕಿ ಬಾಗಿಲಲ್ಲಿ ಕೂತು ಮೆಂತೆ ಸೂಡು ಎಣಿಸುತ್ತಿದ್ದಳು. ಒಳಗಿಂದ, “ತಪ್ಪು ಅಂತದಲ್ಲ!” ಮತ್ತೆ ದೊಡ್ಡ ಡಿಯಿಂದ ಶುರು. ಮತ್ತೆ ತಪ್ಪು. ಮೂರನೇ ಸಲಕ್ಕೆ ಆಕೆಗೆ ತಡೆಯಲಾಗಲಿಲ್ಲ. ಸೂಡು ಕೆಳಗಿಟ್ಟು ಕಿಟಕಿಗೆ ಮುಖ ಹಚ್ಚಿದಳು. “ಅಜ್ಜಾರ, ನಿನ್ನಿ ಆರ್ ಆದಮ್ಯಾಗ ಬಾಲದ್ ಎ ಒತ್ತಿದ್ರಿ ನೋಡ್ರಿ. ಆಮ್ಯಾಗ ಒಂದು, ಎರಡು, ಮೂರು.”

“ಖರೇ ಅದ ನೋಡವಾ!” ಅಂದರು ಕಾಕಾ. ಮೇಲ್ ತೆರೆಯಿತು. ಕೆಲಸ ಮುಗಿಸಿ ಎದ್ದು ಬಂದು ನನಗೆ ಹೇಳಿದರು: “ಬಂದ್ ಮಾಡೀನಿ. ಇನ್ನ ಯಾರಿಗೂ ಏನೂ ಗೊತ್ತಾಗಂಗಿಲ್ಲ.”

ನಾನೂ ಬಿಡಲಿಲ್ಲ. ಕಾಕಾ, ಇದು ಮುಚ್ಚಿಡೋದು ಇದೇ ಕಂಪ್ಯೂಟರ್ ಬಳಸುವ ಮನೆಯವರಿಂದ ಮಾತ್ರ. ನೀವು ಯಾವ ಸೈಟಿಗೆ ಹೋದಿರಿ ಅಂತ ಇಂಟರ್ನೆಟ್ ಕೊಡುವ ಕಂಪನಿಗೆ ಕಾಣುತ್ತದೆ, ಡೌನ್‌ಲೋಡ್ ಮಾಡಿದ್ದೂ ಹಾಗೇ ಉಳಿಯುತ್ತದೆ ಅಂದೆ. “ಕಂಪನಿಯವ್ರು ನೋಡ್ಲೇಳು. ಅವ್ರೇನು ನಮ್ಮ ಬೀಗರಾ?” ಅಂದರು. ಇದಕ್ಕೆ ಏನು ಹೇಳೋದು?

ಒಟಿಪಿಗಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಇನ್ನೊಂದು. ಮೊಮ್ಮಗರಾಯ ಹಳೇ ಹಿಸ್ಟರಿಯನ್ನೂ ಅಳಿಸಿ ಹೋಗಿದ್ದಾನೆ. ನನ್ನ ಮಗಳು ಸಿಇಟಿ ರಿಸಲ್ಟ್ ದಿನ ಇದೇ ಕುರ್ಚಿಯಲ್ಲಿ ಕೂತು ರಿಫ್ರೆಶ್ ಒತ್ತಿದ್ದೇ ಒತ್ತಿದ್ದು. ಅವಳು ಪುಣೆಗೆ ಹೋದ ಮೇಲೂ ನಾನು ಬ್ರೌಸರಿನ ಅಡ್ರೆಸ್ ಪಟ್ಟಿಯಲ್ಲಿ ಕೆ ಒತ್ತಿದರೆ ಆ ಪುಟದ ಹೆಸರು ಬರುತ್ತಿತ್ತು. ತೆರೆಯುತ್ತಿರಲಿಲ್ಲ, ಸುಮ್ನೆ ನೋಡಿ ಮುಂದೆ ಹೋಗುತ್ತಿದ್ದೆ. ಈಗ ಕೆ ಒತ್ತಿದರೆ ಕೆ ಅಷ್ಟೇ ಬರುತ್ತದೆ.

ಬಿಲ್ಲಿನ ಸಿಟ್ಟಿನಲ್ಲೇ ಇವತ್ತು ‘ರಿಮೆಂಬರ್ ಹಿಸ್ಟರಿ’ಗೆ ತಿರುಗಿಸಿದೆ. ಕಾಕಾರಿಗೆ ಬೇರೆ ದಾರಿ ತೋರಿಸಿದೆ: ಕಂಟ್ರೋಲ್, ಶಿಫ್ಟ್, ಪಿ ಕೂಡಿಸಿ ಒತ್ತಿದರೆ ನೇರಳೆ ಮುಖವಾಡದ ಗುರುತಿರುವ ಪ್ರೈವೇಟ್ ಕಿಟಕಿ ಬರುತ್ತದೆ, ನಿಮ್ಮದೆಲ್ಲ ಅದರಲ್ಲೇ ನೋಡಿಕೊಳ್ಳಿ. ಅವರಿಗೆ ಬಹಳ ಸೇರಿತು. ಈಗ ನಾನು ಅಡಿಗೆಮನೆಯಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿಂದ ಕೂಗು ಬಂತು: “ಮುಖವಾಡ ಬಂತು ನೋಡವಾ! ಈಗ ಮಂಡಿಗೆ ಯಾವ ಎಣ್ಣಿ ಛಲೋ ಅಂತ ಹುಡುಕ್ತೇನಿ. ನೀ ಈ ಕಡೆ ಬರಬ್ಯಾಡ!”