ಓಡುತ್ತಿರುವ ಬಾಟ್‌ಗೆ ಕೈ ಹಾಕುವ ಮುನ್ನ

ಕಚೇರಿಯ ಕಂಪ್ಯೂಟರ್ ಕೆಲಸಗಳನ್ನು ತಾವೇ ಮಾಡುವ ತಂತ್ರಾಂಶಗಳ, ಅಂದರೆ ಬಾಟ್‌ಗಳ ನಿರ್ವಹಣೆ ಕುರಿತ ಈ ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿನ ‘ಎಲ್ಲ ಪ್ಯಾಕೇಜುಗಳನ್ನೂ (ಬಾಟ್ ಬಳಸುವ ಸಿದ್ಧ ಕೋಡ್ ಕಟ್ಟುಗಳನ್ನು) ಸದಾ ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿಡಿ’ ಎಂಬ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ನೆಟ್ಟಗೆ ಓಡುತ್ತಿರುವ ಬಾಟ್ ಕೆಡಲು ಅದೊಂದೇ ಸಾಕು.

ಬಾಟ್ ಕಟ್ಟುವ ಯುಐಪಾತ್ ತಂತ್ರಾಂಶದಲ್ಲಿ ಅವಲಂಬನೆಗಳೆಲ್ಲ (ಬಾಟ್‌ಗೆ ಬೇಕಾದ ಪ್ಯಾಕೇಜುಗಳು) ಪ್ರಾಜೆಕ್ಟ್ ಜೇಸನ್ (project.json) ಫೈಲಿನಲ್ಲಿ ದಾಖಲಾಗಿರುತ್ತವೆ. ದಯವಿಟ್ಟು ಅದನ್ನು ಒಮ್ಮೆ ತೆರೆದು ನೋಡಿ. ಆವೃತ್ತಿ ಸಂಖ್ಯೆಯ ಸುತ್ತ ಚೌಕ ಆವರಣವಿದ್ದರೆ ಅದು ‘ಸ್ಟ್ರಿಕ್ಟ್’ ನಿಯಮ: ಅದೇ ಆವೃತ್ತಿ ಸಿಗಬೇಕು, ಇಲ್ಲವಾದರೆ ಎರರ್. ಆವರಣವಿಲ್ಲದಿದ್ದರೆ, ಕೇಳಿದ ಆವೃತ್ತಿ ಸಿಗದಾಗ ಅದರ ಮೇಲಿನದನ್ನು ರೋಬೋಟ್ (ಬಾಟನ್ನು ಓಡಿಸುವ ತಂತ್ರಾಂಶ) ತಾನೇ ಎತ್ತಿಕೊಳ್ಳುತ್ತದೆ. ನೀವು ಪರೀಕ್ಷೆ ಮಾಡಿದ್ದೇ ಒಂದು, ಓಡಿದ್ದೇ ಇನ್ನೊಂದು! ಪ್ರೊಡಕ್ಷನ್‌ಗೆ, ಅಂದರೆ ನಿಜ ಬಳಕೆಗೆ, ಸ್ಟ್ರಿಕ್ಟ್ ಇಟ್ಟುಕೊಳ್ಳುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

‘ನನ್ನ ಯಂತ್ರದಲ್ಲಿ ಓಡುತ್ತದೆ, ಸರ್ವರಿನಲ್ಲಿ ಓಡುವುದಿಲ್ಲ’ ಎಂಬ ದೂರಿಗೆ ಕಾರಣ ಎಷ್ಟೋ ಸಲ ಸರಳವಾಗಿರುತ್ತದೆ. ಪ್ಯಾಕೇಜು ಡೆವಲಪರ್‌ನ ನ್ಯೂಗೆಟ್ ಕ್ಯಾಶ್‌ನಲ್ಲಿ (ಅವರ ಯಂತ್ರದಲ್ಲಿ ಉಳಿದಿರುವ ಪ್ಯಾಕೇಜು ಪ್ರತಿಗಳಲ್ಲಿ) ಇರುತ್ತದೆ, ರೋಬೋಟ್ ಹುಡುಕುವ ಫೀಡ್‌ನಲ್ಲಿ (ಪ್ಯಾಕೇಜುಗಳ ಭಂಡಾರದಲ್ಲಿ) ಇರುವುದಿಲ್ಲ. ಬ್ಲೂ ಪ್ರಿಸಂ ಎಂಬ ಇನ್ನೊಂದು ಬಾಟ್ ತಂತ್ರಾಂಶ ಬಳಸುವವರಿಗೂ ಇಂಥದ್ದೇ ಪಾಡು. ಕೋಡ್ ಸ್ಟೇಜ್‌ಗೆ (ಬಾಟ್‌ನಲ್ಲಿ ನಾವೇ ಕೋಡ್ ಬರೆಯುವ ಹಂತಕ್ಕೆ) ಸೇರಿಸಿದ ಹೊರಗಿನ ಡಿಎಲ್‌ಎಲ್ (ಸಿದ್ಧ ಕೋಡ್ ಫೈಲು), ಬಾಟ್ ಓಡುವ ಪ್ರತಿ ಯಂತ್ರದಲ್ಲೂ ಇರಲೇಬೇಕು.

ಲೇಖಕರಲ್ಲಿ ಒಂದು ವಿನಂತಿ: ಮುಂದಿನ ಕಂತಿನಲ್ಲಿ ಯುಐಪಾತ್‌ನ ಹಳೆಯ ಮಾದರಿಯಾದ ‘ವಿಂಡೋಸ್ ಲೆಗಸಿ’ ಪ್ರಾಜೆಕ್ಟುಗಳ ಬಗ್ಗೆ ವಿವರವಾಗಿ ಬರೆಯಿರಿ. ಅವು ಮೈಕ್ರೋಸಾಫ್ಟ್‌ನ ಹಳೆಯ ತಂತ್ರಾಂಶ ತಳಹದಿಯಾದ ಡಾಟ್‌ನೆಟ್ ಫ್ರೇಮ್‌ವರ್ಕ್ 4.6.1ರ ಮೇಲೆ ನಿಂತಿವೆ. ಅವುಗಳಿಗೆಂದು ನಾವೇ ಕಟ್ಟಿಕೊಂಡ ಲೈಬ್ರರಿಗಳನ್ನು (ಹಲವು ಪ್ರಾಜೆಕ್ಟುಗಳು ಹಂಚಿಕೊಳ್ಳುವ ಕೋಡ್) ಮೊದಲು ಹೊಸ ಮಾದರಿಗೆ ಪರಿವರ್ತಿಸಬೇಕು, ಆಮೇಲೆ ಅವುಗಳನ್ನು ನೆಚ್ಚಿಕೊಂಡ ಪ್ರಾಜೆಕ್ಟುಗಳನ್ನು. ಈ ಕ್ರಮ ತಪ್ಪಿಸಿ ಪರದಾಡುವವರನ್ನು ತುಂಬಾ ನೋಡಿದ್ದೇನೆ.