ಹಳೇ ತೊಲೆ ಕೊಯ್ಯುವ ಮುಂಚೆ ಒಂದು ಬಿಲ್ಲೆ ಉಳಿಸಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವಿದರೆ ತೇಗದ ಕಂಬ, ತೊಲೆಗಳಿಗೆ ಒಳ್ಳೆ ಬೆಲೆ. ಕೊಯ್ದು ಬಾಗಿಲು, ಸೋಫಾ ಮಾಡುತ್ತಾರೆ. ಮಾಡಲಿ. ಆದರೆ ಕೊಯ್ಯುವ ಮುಂಚೆ ತುದಿಯಿಂದ ಎರಡು ಬೆರಳು ದಪ್ಪದ ಬಿಲ್ಲೆ ತೆಗೆದಿಡಿ. ಯಾವ ಬೀದಿಯ ಮನೆ, ಯಾವಾಗ ಕಟ್ಟಿದ್ದು ಅಂತ ಅದರ ಮೇಲೆ ಬರೆಯಿರಿ.

ಯಾಕೆ ಅಂತೀರಾ? ಹಿಂದಿನ ಮಳೆ-ಬರದ ಸುಳಿವು ಆ ಮರದ ಉಂಗುರಗಳಲ್ಲಿ ಇರಬಹುದು. ಮರದ ಉಂಗುರ ನೋಡಿ ಸಾವಿರ ವರ್ಷ ಹಿಂದಿನ ತಾಪಮಾನ ಅಂದಾಜು ಮಾಡುತ್ತಾರೆ ಅಂದರೆ ಕೆಲವರು ಬುರುಡೆ ಅಂತಾರೆ. ಇನ್ನು ಕೆಲವರು ಯಾವ ಮರವಾದರೂ ಆಯಿತು ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಮರದ ಬೆಳವಣಿಗೆಯನ್ನು ಯಾವ ಕೊರತೆ ತಡೆಯುತ್ತದೋ ಅದರ ಗುರುತೇ ಉಂಗುರದಲ್ಲಿ ಉಳಿಯುವುದು. ಸೈಬೀರಿಯಾದ ಉತ್ತರದಂಚಿನಲ್ಲಿ, ಎತ್ತರದ ಬೆಟ್ಟಗಳಲ್ಲಿ ಬೇಸಿಗೆಯ ಬಿಸಿಯೇ ಸಾಲದು. ಬೆಚ್ಚಗಿದ್ದ ವರ್ಷ ಉಂಗುರ ಅಗಲ, ಥಂಡಿ ವರ್ಷ ಕಿರಿದು. ಥರ್ಮಾಮೀಟರ್ ದಾಖಲೆ ಇರುವ ವರ್ಷಗಳ ಜೊತೆ ಹೋಲಿಸಿ ಲೆಕ್ಕ ಕಟ್ಟುತ್ತಾರೆ. ಆ ದಾಖಲೆಯ ಒಂದು ಭಾಗವನ್ನು ಬೇರೆ ಇಟ್ಟು ಲೆಕ್ಕ ಸರಿಯಾ ಅಂತ ಪರೀಕ್ಷಿಸುತ್ತಾರೆ. ಆಮೇಲೆ ಹಿಂದಿನ ಕಾಲಕ್ಕೆ ಹೋಗುತ್ತಾರೆ. ತೊಡಕೂ ಇದೆ. ಉತ್ತರದ ಕೆಲವು ಕಾಡುಗಳಲ್ಲಿ 1960ರ ಈಚೆಗೆ ತಾಪಮಾನ ಏರಿದ ಹಾಗೆ ಉಂಗುರ ಬೆಳೆದಿಲ್ಲ. ಇದನ್ನು ಬಯಲಿಗೆ ತಂದವರು ಉಂಗುರ ಓದುವ ವಿಜ್ಞಾನಿಗಳೇ. ನನಗೆ ಅವರ ಮೇಲೆ ನಂಬಿಕೆ ಹೆಚ್ಚಿದ್ದು ಅದರಿಂದಲೇ.

ನಮ್ಮಲ್ಲಿ ಬಿಸಿಲಿಗೇನು ಬರ ಇಲ್ಲ, ಕೊರತೆ ನೀರಿಗೆ. ಹಾಗಾಗಿ ನಮ್ಮ ಮರಗಳಿಂದ ತಿಳಿಯುವುದು ಮಳೆಯ ವಿಷಯವೇ ಜಾಸ್ತಿ. ಅದೂ ಎಲ್ಲ ಮರದಿಂದ ಅಲ್ಲ. ಉಷ್ಣವಲಯದ ಎಷ್ಟೋ ಮರಗಳಲ್ಲಿ ವರ್ಷದ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ತೇಗ ಒಣಗಾಲದಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ, ಗೆರೆ ಚೆನ್ನಾಗಿ ಮೂಡುತ್ತದೆ. ಕೇರಳದ ತೇಗದ ಉಂಗುರಗಳಿಂದ ಪುಣೆಯ ವಿಜ್ಞಾನಿಗಳು 1481ರಿಂದ 2003ರವರೆಗಿನ 523 ವರ್ಷಗಳ ಸರಣಿ ಕಟ್ಟಿದ್ದಾರೆ. ಮುಂಗಾರು ಕೈಕೊಟ್ಟ ವರ್ಷಗಳ ಸುಳಿವು ಅದರಲ್ಲಿದೆ.

ಜೀವಂತ ಮರವೇ ಬೇಕಿಲ್ಲ. ಅಮೆರಿಕದಲ್ಲಿ ಡಗ್ಲಸ್ ಅನ್ನುವ ಖಗೋಳ ವಿಜ್ಞಾನಿಗೆ ಜೀವಂತ ಮರಗಳಿಂದ ಕಟ್ಟಿದ ಸರಣಿಗೂ ಪಾಳುಮನೆಗಳ ತೊಲೆಗಳಿಂದ ಕಟ್ಟಿದ ಸರಣಿಗೂ ನಡುವಿನ ಕೊಂಡಿ ಸಿಕ್ಕಿದ್ದು 1929ರಲ್ಲಿ, ಅರಿಝೋನಾದ ಸುಟ್ಟು ಕರಕಲಾದ ಒಂದು ಹಳೇ ತೊಲೆಯಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಹಳೇ ಊರುಗಳ ಕಾಲ ತಿಳಿದಿದ್ದು ಆಮೇಲೆ.

ಚೌಕ ಕೆತ್ತಿದ ತೊಲೆಯಲ್ಲಿ ಹೊರಗಿನ ಉಂಗುರಗಳು ಹೋಗಿರುತ್ತವೆ, ಮರ ಕಡಿದ ವರ್ಷ ನಿಖರವಾಗಿ ಸಿಗದಿರಬಹುದು. ಆದರೂ ಒಳಗಿನ ಅಗಲ-ಕಿರಿದಿನ ಸಾಲನ್ನು ಬೇರೆ ತೇಗದ ಸರಣಿ ಜೊತೆ ಕೂಡಿಸಿ ನೋಡಬಹುದು. ಮಲ್ಲೇಶ್ವರದಲ್ಲೇ ವುಡ್ ಸೈನ್ಸ್ ಇನ್‌ಸ್ಟಿಟ್ಯೂಟ್ ಇದೆ ಅಲ್ವಾ? ಇಂಥ ಬಿಲ್ಲೆಗಳನ್ನು ಅಲ್ಲಿ ಒಟ್ಟು ಮಾಡುವ ವ್ಯವಸ್ಥೆ ಆಗಲಿ ಅಂತ ನನ್ನಾಸೆ. ನಿಮ್ಮ ಬೀದಿಯಲ್ಲಿ ಹಳೇ ಮನೆ ಕೆಡವುತ್ತಿದ್ದರೆ, ಲಾರಿ ತುಂಬುವ ಮುಂಚೆ ಮೇಸ್ತ್ರಿ ಹತ್ತಿರ ಒಂದು ಮಾತು ಕೇಳಿ.