ಹದ್ದಿನ ಮೇಲೆ ಹೋಗಬಹುದಿತ್ತಲ್ಲ!

ಅಡಿಕೆ ಸುಲಿಯುವುದಕ್ಕೆ ಕೈ ಬೇಕು, ಕಣ್ಣು ಬೇಕು, ಬಾಯಿ ಮಾತ್ರ ಬೇಡ. ಶಿರಸಿ ಸೀಮೆಯ ಹರಟೆಗಳೆಲ್ಲ ಹುಟ್ಟಿದ್ದು ಈ ಒಂದು ಅನುಕೂಲದಿಂದ ಎಂದು ನನ್ನ ಗುಮಾನಿ. ಕೊನೆಕೊಯ್ಲು ಶುರುವಾದ ಮೇಲೆ ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಬೇಯಿಸುವುದಾದರೆ ಕೊಯ್ದದ್ದನ್ನು ಬೇಗ ಸುಲಿದು ಹಂಡೆಗೆ ಹಾಕಲೇಬೇಕು. ಊಟ ಮುಗಿಸಿ, ಕವಳ ಹಾಕಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿಗೆ. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರ ಓಡುವ ಮನೆಯಲ್ಲಿ ಮಾತು ಕೇಳುವುದಿಲ್ಲ. ನಮ್ಮಲ್ಲಿ ಇನ್ನೂ ಕತ್ತಿಯೇ, ಹಾಗಾಗಿ ಜಗಳವೂ ಉಳಿದಿದೆ.

ಮೊದಲೆಲ್ಲ ಜಗಳ ಹಿಂದಿನ ವಾರ ನೋಡಿದ ಯಕ್ಷಗಾನದ ಆಟದ್ದು. ಕೆರೆಮನೆಯವರ ಪಕ್ಷ ಒಂದು, ಚಿಟ್ಟಾಣಿಯವರ ಪಕ್ಷ ಇನ್ನೊಂದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನ ಬಗ್ಗೆ ಒಂದು ಮಾತು ಹೆಚ್ಚುಕಡಿಮೆಯಾದರೆ ಮಾರನೇ ದಿನ ಸುಲಿಯಲು ಆಳು ಕಡಿಮೆ. ಈಗ ಅಣ್ಣನ ಮಕ್ಕಳಿಬ್ಬರು ಬೆಂಗಳೂರಿನ ಕೆಲಸವನ್ನು ಮನೆಯ ಮಾಳಿಗೆಯಲ್ಲೇ ಮಾಡುತ್ತಾರೆ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಇಳಿದು ಬಂದರೆ ಅವರ ಬಾಯಲ್ಲಿ ಡ್ರ್ಯಾಗನ್, ಕಪ್ಪುಕುಳಿ, ಉಂಗುರ. ಕೇಳುವ ಹಿರಿಯರಿಗೆ ಹೆಸರು ಹೊಸದು, ಅಷ್ಟೇ. ಜಗಳದ ಜಾತಿ ಹಳೆಯದೇ.

‘ಲಾರ್ಡ್ ಆಫ್ ದ ರಿಂಗ್ಸ್’ ವಿಷಯವನ್ನೇ ತೆಗೆದುಕೊಳ್ಳಿ. 1954-55ರಲ್ಲಿ ಬಂದ ಟೋಲ್ಕೀನ್ ಕಾದಂಬರಿ. ಅದರ ಅಭಿಮಾನಿಗಳು ಎಲ್ಲಿ ಸೇರಿದರೂ ಎತ್ತುವ ಪ್ರಶ್ನೆಯೊಂದಿದೆ. ಕೇಡಿನ ಉಂಗುರವನ್ನು ಬೆಂಕಿಬೆಟ್ಟಕ್ಕೆ ಹಾಕಿ ನಾಶ ಮಾಡಲು ಆ ಪಾಪದ ಹುಡುಗರು ಅಷ್ಟು ದೂರ ನಡೆದು ಸಾಯುತ್ತಾರಲ್ಲ, ಕಡೆಗೆ ಅವರನ್ನು ಎತ್ತಿ ತರಲು ದೊಡ್ಡ ಹದ್ದುಗಳು ಬಂದವಲ್ಲ, ಹೋಗುವಾಗಲೇ ಹದ್ದಿನ ಮೇಲೆ ಹೋಗಬಹುದಿತ್ತಲ್ಲ! ಕಿರಿಯವನು ಇದನ್ನು ತಾನೇ ಕಂಡುಹಿಡಿದವನ ಹಾಗೆ ಹೇಳಿದ. ದೊಡ್ಡವನು ಶತ್ರುವಿನ ಕಣ್ಣು, ಹಾರುವ ಪಿಶಾಚಿವಾಹನ ಎಂದೆಲ್ಲ ತೇಪೆ ಹಾಕಿದ. ಮೂಲೆಯಲ್ಲಿದ್ದ ದೊಡ್ಡಪ್ಪ ಕವಳ ಉಗಿದು ಬಂದು ಕೂತರು. ದೊಡ್ಡಪ್ಪ ಎಂದರೆ ಒಂದು ಕಾಲದಲ್ಲಿ ಸೀಮೆಯಲ್ಲಿ ಎಲ್ಲಿ ತಾಳಮದ್ದಳೆ ಇದ್ದರೂ ಅರ್ಥ ಹೇಳಲು ಹೋಗುತ್ತಿದ್ದವರು.

“ತಮ್ಮಾ, ಹಂಗಾರೆ ರಾಮ ಸೇತುವೆ ಎಂತಕ್ಕೆ ಕಟ್ಟಿದ? ಹನುಮಂತ ಹಾರ್ಕ್ಯಂಡು ಹೋಗಿ ಬಂದಂವ ಅಲ್ದಾ? ಬೆನ್ನ ಮೇಲೆ ಕೂರ್ಸ್ಕ್ಯಂಡು ಬಂದಿದ್ರೆ ಯುದ್ಧಕಾಂಡವೇ ಬೇಡಾಗಿತ್ತು.”

ಹುಡುಗರು ಕೈ ನಿಲ್ಲಿಸಿದರು. ವಾಲ್ಮೀಕಿಗೆ ಈ ಪ್ರಶ್ನೆ ಬಂದೀತು ಎಂದು ಗೊತ್ತಿತ್ತು. ಸುಂದರಕಾಂಡದಲ್ಲಿ ಹನುಮಂತ ಸೀತೆಗೆ ಬೆನ್ನ ಮೇಲೆ ಕೂರು ಎಂದೇ ಹೇಳುತ್ತಾನೆ. ಆಕೆ ಒಲ್ಲೆ ಎನ್ನುತ್ತಾಳೆ. ಪರಪುರುಷನನ್ನು ತಾನಾಗಿ ಮುಟ್ಟಲಾರೆ, ರಾಮನೇ ಬಂದು ಗೆದ್ದು ಕರೆದೊಯ್ಯಲಿ ಎನ್ನುತ್ತಾಳೆ. ಕಥೆಯ ತೂತು ಅಲ್ಲಿಗೆ ಮುಚ್ಚಿತು. ಟೋಲ್ಕೀನ್ ಕೂಡ 1958ರಲ್ಲಿ ತನ್ನ ಕಥೆಯ ಒಂದು ಚಿತ್ರಕಥೆಯನ್ನು ಓದಿ ಸಿಟ್ಟಾಗಿ ಬರೆದ ಪತ್ರದಲ್ಲಿ, ಹದ್ದುಗಳು ಅಪಾಯದ ಸಾಧನ, ತಾನು ಬಹಳ ಮಿತವಾಗಿ ಬಳಸಿದ್ದೇನೆ ಎಂದಿದ್ದಾನೆ. ಆದರೆ ಪತ್ರದಲ್ಲಿ ಹೇಳಿದ್ದು ಕಥೆಯೊಳಗೆ ಹೇಳಿದಂತೆ ಆಗುವುದಿಲ್ಲ. ಈ ಒಂದು ಸುತ್ತಿನಲ್ಲಿ ನಾನು ವಾಲ್ಮೀಕಿಯ ಪಕ್ಷ.

ಮುಚ್ಚಿದ ತೂತಿಗಿಂತ ತೆರೆದಿಟ್ಟ ತೂತೇ ಅಭಿಮಾನಿಗೆ ಇಷ್ಟ. ಎಲ್ಲವೂ ಸರಿಯಾಗಿರುವ ಕಥೆಯನ್ನು ಓದಿ “ಚೆನ್ನಾಗಿದೆ” ಎನ್ನಬಹುದು, ಆಮೇಲೆ ಮಲಗಬೇಕು. ರಾತ್ರಿ ಕಳೆಯಲು ಬೇಕಾದದ್ದು ಎಲ್ಲೋ ಒಂದು ಕಡೆ ಕಾಲು ಜಾರಿದ ಕಥೆ. ಬೇರೆ ದೇಶದವರು ಇದಕ್ಕಾಗಿ ಸಮಾವೇಶ ಮಾಡಿ, ವೇಷ ಕಟ್ಟಿ, ಟಿಕೆಟ್ ಇಟ್ಟರು. ನಮ್ಮ ಕಡೆ ಇದನ್ನೇ ಕಲೆ ಮಾಡಿ ಒಂದು ಜಮಖಾನ ಹಾಸಿ ಕೂರಿಸಿದ್ದಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾನೆ. ಬಾಣ ತಾಗಿ ಬಿದ್ದ ವಾಲಿ, ಮರದ ಮರೆಯಿಂದ ಯಾಕೆ ಹೊಡೆದೆ ಎಂದು ಕೇಳಿದರೆ ರಾಮನಾಗಿ ಕೂತವನು ಅಲ್ಲೇ ಉತ್ತರ ಹೇಳಬೇಕು. ಮುಂದಿನ ಪ್ರಶ್ನೆ ಯಾವ ಕಡೆಯಿಂದ ಬರುತ್ತದೆ ಎಂದು ಅವನಿಗೂ ಗೊತ್ತಿರುವುದಿಲ್ಲ. ಕಥೆಯ ಮುಕ್ತಾಯ ಎಲ್ಲರಿಗೂ ಗೊತ್ತು. ಆದರೂ ಜನ ಬೆಳಗಿನ ತನಕ ಕೂರುತ್ತಿದ್ದರು, ಈ ರಾಮ ಹೇಗೆ ತಪ್ಪಿಸಿಕೊಳ್ಳುತ್ತಾನೆ ನೋಡೋಣ ಎಂದು.

ಭಸ್ಮಾಸುರನಿಗೆ ಅಂಥ ವರ ಕೊಡುವ ಮೊದಲು ಶಿವ ಸ್ವಲ್ಪವಾದರೂ ವಿಚಾರ ಮಾಡಬಾರದಿತ್ತೇ ಎಂಬುದು ನಮ್ಮ ಕಡೆಯ ಖಾಯಂ ಪ್ರಶ್ನೆ. ಯಾಣ ಇಲ್ಲೇ ಇರುವುದರಿಂದ ಆ ಕಥೆ ನಮಗೆ ಊರ ಸುದ್ದಿಯ ಹಾಗೆ. ಅಲ್ಲಿಯ ಎರಡು ದೊಡ್ಡ ಬಂಡೆಗಳಲ್ಲಿ ಒಂದು ಭೈರವೇಶ್ವರ ಶಿಖರ, ಇನ್ನೊಂದು ಮೋಹಿನಿ ಶಿಖರ. ಭೂವಿಜ್ಞಾನದವರು ಸುಣ್ಣಕಲ್ಲು ಎನ್ನುತ್ತಾರೆ, ಊರವರು ಅಸುರ ಸುಟ್ಟು ಬೂದಿಯಾದದ್ದಕ್ಕೆ ಕಪ್ಪು ಎನ್ನುತ್ತಾರೆ. ಶಿವನ ಅರ್ಥ ಹೇಳುತ್ತ ದೊಡ್ಡಪ್ಪ ಕೊಟ್ಟ ಉತ್ತರವನ್ನು ನಮ್ಮೂರಿನವರು ಇಂದಿಗೂ ಸೊಸೈಟಿಯ ಮೆಟ್ಟಿಲ ಮೇಲೆ ನೆನೆಸುತ್ತಾರೆ: “ಹಿಂದುಮುಂದು ವಿಚಾರಿಸಿ, ಜಾಮೀನು ನೋಡಿ ಕೊಟ್ಟರೆ ಅದು ಸಾಲ. ನಾನು ಕೊಟ್ಟಿದ್ದು ವರ.”

ಇನ್ನೊಂದು ರಾತ್ರಿ 2014ರ ‘ಇಂಟರ್‌ಸ್ಟೆಲ್ಲರ್’ ಸಿನಿಮಾ. ಕಪ್ಪುಕುಳಿಯ ಪಕ್ಕದ ನೀರಿನ ಗ್ರಹಕ್ಕೆ ಇಳಿದರೆ ಅಲ್ಲಿಯ ಒಂದು ತಾಸಿಗೆ ಭೂಮಿಯಲ್ಲಿ 7 ವರ್ಷ. ಇಳಿದವರು ಹತ್ತಿ ಬರುವಷ್ಟರಲ್ಲಿ ನೌಕೆಯಲ್ಲಿ ಕಾದಿದ್ದವನಿಗೆ 23 ವರ್ಷ ಹೆಚ್ಚಾಗಿರುತ್ತದೆ. ಹುಡುಗರು ಇದು ಸುಳ್ಳಲ್ಲ ಎಂದು ಗುರುತ್ವ, ಸಾಪೇಕ್ಷತೆ ಎಲ್ಲ ವಿವರಿಸಿದರು. ಸಿನಿಮಾಕ್ಕೆ ಲೆಕ್ಕ ಮಾಡಿಕೊಟ್ಟ ಕಿಪ್ ಥಾರ್ನ್‌ಗೆ 2017ರಲ್ಲಿ ನೊಬೆಲ್ ಬಂದದ್ದನ್ನೂ ಹೇಳಿದರು (ಬಂದದ್ದು ಗುರುತ್ವದ ಅಲೆಗಳಿಗೆ, ಸಿನಿಮಾಕ್ಕಲ್ಲ). ಅವರ ತಾಯಿ, ನಮ್ಮ ಅತ್ತಿಗೆ, ತಲೆ ಎತ್ತದೆ “ಇದು ರೇವತಿ ಕಥೆ ಅಲ್ದನಾ?” ಎಂದಳು.

ರೈವತ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು; ನಡುವೆ ಮಾತಾಡಿಸುವುದು ಸರಿಯಲ್ಲವೆಂದು ಮುಗಿಯುವ ತನಕ ನಿಂತ. ಆಮೇಲೆ ಕೇಳಿದರೆ ಬ್ರಹ್ಮ ನಕ್ಕ. ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಗಿದೆ, ನೀನು ನೆನೆಸಿದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ, ಹೋಗಿ ಬಲರಾಮನಿಗೆ ಕೊಡು ಎಂದ. ಕಿರಿಯವನು ಮೊಬೈಲಿನಲ್ಲಿ ಗುಣಿಸಿದ. ಚತುರ್ಯುಗಕ್ಕೆ 43,20,000 ವರ್ಷದಂತೆ 11,66,40,000 ವರ್ಷ. “ಒಂದು ಕಛೇರಿಗೆ ಇಷ್ಟಾದ್ರೆ ಆ ಗ್ರಹ ಎಂತದೂ ಅಲ್ಲ” ಎಂದು ಅವನೇ ಒಪ್ಪಿದ.

ಇಂಥಲ್ಲಿ ಯಾರಾದರೊಬ್ಬರು “ಎಲ್ಲ ನಮ್ಮಲ್ಲಿ ಆಗಲೇ ಇತ್ತು” ಎಂದು ಶುರು ಮಾಡುತ್ತಾರೆ. ನನಗೆ ಆ ಮಾತು ಆಗದು. ರೈವತನ ಹತ್ತಿರ ಸಮೀಕರಣ ಇರಲಿಲ್ಲ, ಥಾರ್ನ್ ಹತ್ತಿರ ಮದುವೆಗೆ ಬಂದ ಮಗಳಿರಲಿಲ್ಲ. ನನ್ನ ಮೆಚ್ಚುಗೆ ಬೇರೆ ಕಡೆಗೆ. ಹಳೆಯ ಯುಗದ ಹುಡುಗಿ ಹೊಸ ಯುಗದವರಿಗಿಂತ ಎತ್ತರ ಇರಬೇಕಲ್ಲ ಎಂದು ಪುರಾಣದವನಿಗೆ ಹೊಳೆದಿದೆ ನೋಡಿ! ವಿಷ್ಣುಪುರಾಣದಲ್ಲಿ ಬಲರಾಮ ಅವಳನ್ನು ನೇಗಿಲ ತುದಿಯಿಂದ ಎಳೆದು ತನ್ನ ಅಳತೆಗೆ ತರುತ್ತಾನೆ. ಪರಿಹಾರ ಒರಟಾಯಿತು, ನಿಜ. ರೇವತಿಯನ್ನು ಕೇಳಿದವರಿಲ್ಲ ಎಂದು ಅತ್ತಿಗೆ ಹೇಳಿದ್ದಕ್ಕೆ ಆ ರಾತ್ರಿ ಉತ್ತರವೂ ಬರಲಿಲ್ಲ.

ಪಾತ್ರ ಒಂದೇ, ನಟ ಬೇರೆಯಾದರೆ ಏನು ಮಾಡುವುದು? ಬ್ರಿಟಿಷರ ‘ಡಾಕ್ಟರ್ ಹೂ’ ಧಾರಾವಾಹಿ 1963ರಲ್ಲಿ ಶುರುವಾಗಿ, 1966ರಲ್ಲಿ ಮುಖ್ಯ ನಟನ ಆರೋಗ್ಯ ಕೆಟ್ಟಾಗ, ಈ ಡಾಕ್ಟರು ಬೇರೆ ಲೋಕದವನು, ದೇಹ ಹೊಸದಾಗಿಸಿಕೊಳ್ಳುತ್ತಾನೆ ಎಂದು ಕಥೆ ಹೆಣೆದರು. ನಮ್ಮ ಆಟದಲ್ಲಿ ಪೂರ್ವಾರ್ಧದ ಕೃಷ್ಣ ಒಬ್ಬ, ಉತ್ತರಾರ್ಧದ ಕೃಷ್ಣ ಇನ್ನೊಬ್ಬ. ಮೊದಲನೆಯವನು ಚೌಕಿಗೆ ಹೋಗಿ ಬಣ್ಣ ತೊಳೆಯುತ್ತಾನೆ, ಎರಡನೆಯವನು ಅವನಿಗಿಂತ ಒಂದು ಮೊಳ ಗಿಡ್ಡ. ಒಬ್ಬರೂ ಕಾರಣ ಕೇಳಿದ್ದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ 2019ರ ಕೊನೆಯ ಸರಣಿಯಲ್ಲಿ ರಾಣಿಯ ಮುಂದೆ ಈ ಕಾಲದ ಕಾಫಿ ಲೋಟ ಕಂಡದ್ದಕ್ಕೆ ಜಗತ್ತೆಲ್ಲ ಗುಲ್ಲೆದ್ದಿತು. ಕೆಲವೇ ದಿನದಲ್ಲಿ ಅಳಿಸಿದರು. ಕೈಗಡಿಯಾರ ಕಟ್ಟಿಕೊಂಡೇ ರಂಗಕ್ಕೆ ಬಂದ ಧರ್ಮರಾಯನನ್ನು ಅಳಿಸುವುದು ಹೇಗೆ? ಮುಂದಿನ ಪದ್ಯ ಎತ್ತುವುದು, ಅಷ್ಟೇ.

‘ಗೇಮ್ ಆಫ್ ಥ್ರೋನ್ಸ್’ ಮುಕ್ತಾಯದ ಸಿಟ್ಟು ಮಾತ್ರ ಹುಡುಗರಲ್ಲಿ ಇನ್ನೂ ಆರಿಲ್ಲ. ಮೂಲ ಕಾದಂಬರಿಯ ಐದನೇ ಭಾಗ 2011ರಲ್ಲಿ ಬಂದದ್ದು, ಆರನೆಯದು ಬಂದಿಲ್ಲ. ಭಾಗವತರು ಮಂಗಳ ಹಾಡದೆ ಎದ್ದು ಹೋದರೆ ಅರ್ಥ ನೀವೇ ಮುಗಿಸಿ ಎಂದು ದೊಡ್ಡಪ್ಪನ ತೀರ್ಪು. ಸರಿ, ತಾಳಮದ್ದಳೆಯೇ ಆಗಲಿ ಎಂದು ಪಾತ್ರ ಹಂಚಿದರು. ಮಂತ್ರಿಯಾಗಲು ಇಬ್ಬರೂ ತಯಾರು. ಡ್ರ್ಯಾಗನ್ ಏರಿ ರಾಜಧಾನಿಯನ್ನೇ ಸುಟ್ಟ ರಾಣಿ ಡೆನೇರಿಸ್ ಪರ ಹೇಳುವವರು ಯಾರು? ಅದು ಸಮರ್ಥಿಸಲಾಗದ ಪಾತ್ರ ಎಂದು ಹುಡುಗರು ಕೈ ಬಿಟ್ಟರು.

“ಆನು ಹೇಳ್ತೆ” ಎಂದಳು ಅತ್ತಿಗೆ. “ಲಂಕೆ ಸುಟ್ಟಂವಂಗೆ ಊರೂರಲ್ಲಿ ದೇವಸ್ಥಾನ ಕಟ್ಟಿದ್ರಿ. ಇವಳಿಗೆ ಎಂತಕ್ಕೆ ಬೈತ್ರಿ?”

“ಆಯಿ, ಆ ಊರವು ಶರಣಾಗಿ ಗಂಟೆ ಹೊಡೆದ ಮೇಲೆ ಸುಟ್ಟಿದ್ದು!”

“ಲಂಕೆ ಮನೆಯವು ಹನುಮಂತಂಗೆ ಎಂತ ಮಾಡಿದಿದ್ದ?”

ದೊಡ್ಡಪ್ಪ ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ, ಹನುಮಂತನ ಪರ ವಹಿಸಲು ಗಂಟಲು ಸರಿಮಾಡಿಕೊಂಡರು. “ಅಂವ ವಿಭೀಷಣನ ಮನೆ ಸುಟ್ಟಿದ್ನಿಲ್ಲೆ.”

“ಪರಿಚಯದವರ ಮನೆ ಒಂದು ಬಿಟ್ಟದ್ದು ದೊಡ್ಡಸ್ತಿಕೆಯನಾ ಮಾವ?” ಎಂದಳು ಅತ್ತಿಗೆ.